ಟ್ಯಾರೋದಲ್ಲಿ ‘ಹ್ಯಾಂಗ್ಡ್ ಮ್ಯಾನ್’ ಬಂದರೆ ಹೆದರಬೇಕಾ?

ಕೆಲಸ ಬಿಡಲಾ ಬೇಡವಾ ಅಂತ ಟ್ಯಾರೋದಲ್ಲಿ, ಅಂದರೆ ಭವಿಷ್ಯ ಕೇಳೋಕೆ ಬಳಸುವ ಚಿತ್ರದ ಕಾರ್ಡುಗಳಲ್ಲಿ, ಕೇಳಿದ್ದಕ್ಕೆ ಹ್ಯಾಂಗ್ಡ್ ಮ್ಯಾನ್ (ನೇತಾಡುವ ಮನುಷ್ಯ) ಕಾರ್ಡ್ ಬಂತು, ಓದಿದವರು ಗಂಡಾಂತರ ಅಂದರು, ಪರಿಹಾರಕ್ಕೆ ದುಡ್ಡೂ ಕೇಳಿದರು ಅಂತ ಬರೆದಿದ್ದೀರಿ. ಮೊದಲಿಗೆ, ದುಡ್ಡು ಕೊಡಬೇಡಿ. ಕಾರ್ಡಿಗೆ ಪರಿಹಾರ ಮಾಡಿಸುವ ಪದ್ಧತಿ ಟ್ಯಾರೋದಲ್ಲಿ ಇಲ್ಲ. ನಮ್ಮ ಗ್ರಹಶಾಂತಿಯನ್ನು ಯಾರೋ ತಂದು ಇದಕ್ಕೆ ಅಂಟಿಸಿದ್ದಾರೆ, ಅಷ್ಟೇ.

ನಾನೂ ಸ್ನೇಹಿತರಿಗೆ, ಪರಿಚಯದವರಿಗೆ ಕಾರ್ಡ್ ಓದುತ್ತೇನೆ. ಮುಂದೆ ಆಗುವುದನ್ನು ಕಾರ್ಡ್ ಹೇಳುತ್ತದೆ ಅಂತ ನಂಬುವವಳಲ್ಲ. ಮನಸ್ಸಲ್ಲೇ ಸುತ್ತುತ್ತಿರುವ ವಿಷಯವನ್ನು ಬಾಯಿಬಿಟ್ಟು ಆಡೋಕೆ ಚಿತ್ರ ಒಂದು ನೆಪ.

ಈಗ ಆ ಚಿತ್ರವನ್ನು ನಿಧಾನವಾಗಿ ನೋಡಿ. ನಿಮ್ಮದು ಬಹುಶಃ ರೈಡರ್-ವೇಟ್ ಎಂಬ ಡೆಕ್ (ಕಾರ್ಡಿನ ಕಟ್ಟು). 1909ರಲ್ಲಿ ಲಂಡನ್ನಿನಲ್ಲಿ ಬಂದದ್ದು. ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್, ಬರೆಸಿದವರು ಆರ್ಥರ್ ಎಡ್ವರ್ಡ್ ವೇಟ್. ಮರಕ್ಕೆ ತಲೆಕೆಳಗಾಗಿ ನೇತಾಡುವವನನ್ನು ಕಂಡರೆ ನಮಗೆ ತಕ್ಷಣ ಬೇತಾಳ ನೆನಪಾಗುತ್ತಾನೆ, ಅಲ್ವಾ? ಆದರೆ ಹಗ್ಗ ಎಲ್ಲಿದೆ ನೋಡಿ. ಒಂದು ಪಾದಕ್ಕೆ. ಇನ್ನೊಂದು ಕಾಲನ್ನು ಮಡಿಸಿ ಅಡ್ಡ ಇಟ್ಟುಕೊಂಡಿದ್ದಾನೆ. ಕೈ ಬೆನ್ನ ಹಿಂದೆ ಇವೆ. ಕಟ್ಟಿದ್ದಾರೋ, ತಾನೇ ಕಟ್ಟಿಕೊಂಡು ನಿಂತವರ ಹಾಗೆ ಇಟ್ಟುಕೊಂಡಿದ್ದಾನೋ, ಕಾಣುವುದಿಲ್ಲ. ತಲೆ ಸುತ್ತ ಹಳದಿ ಪ್ರಭೆ. ಮರದಲ್ಲಿ ಹಸಿರೆಲೆ. ಮರ ಜೀವಂತವಾಗಿದೆ, ಮುಖದಲ್ಲಿ ನೋವಿಲ್ಲ, ಇವನು ಧ್ಯಾನದಲ್ಲಿ ಮುಳುಗಿದವನು ಅಂತ ವೇಟ್ ಕೂಡ ಒತ್ತಿ ಹೇಳುತ್ತಾರೆ.

ಈ ಸಾಧುವಿನ ಕಳೆ ಆಮೇಲೆ ಬಂದದ್ದು. ಟ್ಯಾರೋ ಶುರುವಾಗಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಇಸ್ಪೀಟಿನ ಹಾಗೆ ಆಡೋಕೆ. ಅಲ್ಲಿನ ಕೆಲವು ಹಳೆಯ ಪಟ್ಟಿಗಳಲ್ಲಿ ಇವನ ಹೆಸರೇ ‘ದ್ರೋಹಿ’. ಆಗ ಇಟಲಿಯ ಊರುಗಳಲ್ಲಿ ದ್ರೋಹ ಮಾಡಿದವರ, ಸಾಲ ತೀರಿಸದೆ ಓಡಿಹೋದವರ ಚಿತ್ರವನ್ನು ಕಾಲಿನಿಂದ ನೇತುಹಾಕಿದ ಹಾಗೆ ಬರೆದು, ಎಲ್ಲರೂ ಓಡಾಡುವ ಕಡೆ ಗೋಡೆ ಮೇಲೆ ಇಡುತ್ತಿದ್ದರು. 1478ರಲ್ಲಿ ಫ್ಲಾರೆನ್ಸಿನಲ್ಲಿ ಮೆಡಿಚಿ ಮನೆತನದ ಮೇಲೆ ಸಂಚು ನಡೆಸಿದವರು ನೇತಾಡುವ ಚಿತ್ರ ಬರೆದವನು ಹೆಸರಾಂತ ಚಿತ್ರಕಾರ, ಸಾಕ್ಷಾತ್ ಬಾಟಿಚೆಲ್ಲಿ! ಊರ ಮುಂದೆ ಮಾನ ಕಳೆಯುವ ಶಿಕ್ಷೆ ಅದು.

ಕೆಲಸದ ಪ್ರಶ್ನೆಗೆ ಈ ಕಾರ್ಡ್ ಬಂದಾಗ ನಾನು ಮೊದಲು ಹಿಡಿಯುವುದು ಈ ಎಳೆಯನ್ನೇ. ಕೆಲಸ ಬಿಟ್ಟರೆ ನಿಜವಾಗಿ ಕಷ್ಟ ಆಗುವುದು ದುಡ್ಡಿಗಾ, ಅಥವಾ ಮದುವೆ ಮನೆಯಲ್ಲಿ ಯಾರಾದರೂ ‘ಈಗ ಎಲ್ಲಿದ್ದೀಯಪ್ಪಾ’ ಅಂತ ಕೇಳಿದಾಗಾ? ಎರಡೂ ಬೇರೆ ಬೇರೆ ಭಯ. ಒಂದಕ್ಕೆ ಲೆಕ್ಕ ಹಾಕಿದರೆ ದಾರಿ ಸಿಗುತ್ತದೆ, ಇನ್ನೊಂದಕ್ಕೆ ಲೆಕ್ಕ ಇಲ್ಲ.

ಸಾಮಾನ್ಯವಾಗಿ ಓದುವವರು ‘ಕಾಯಿರಿ, ಬೇರೆ ದೃಷ್ಟಿಯಿಂದ ನೋಡಿ’ ಅಂತ ಹೇಳಿ ಮುಗಿಸುತ್ತಾರೆ. ತಪ್ಪೇನಿಲ್ಲ, ಆದರೆ ಅರ್ಧ ಉತ್ತರ. ಕಾಯುವುದನ್ನು ಆರಿಸಿಕೊಂಡವರು ಯಾರು ಅನ್ನುವುದು ಮುಖ್ಯ. ಆರು ತಿಂಗಳ ಖರ್ಚಿಗೆ ಕೂಡಿಟ್ಟು ಆಮೇಲೆ ಹೊರಡೋಣ ಅಂತ ನೀವೇ ಕೂತಿದ್ದರೆ ಅದು ಪ್ರಭೆ ಇರುವ ಮನುಷ್ಯ. ‘ಮುಂದಿನ ಏಪ್ರಿಲ್‌ಗೆ ಪ್ರಮೋಷನ್ ನೋಡೋಣ’ ಅಂತ ಮ್ಯಾನೇಜರ್ ವರ್ಷ ವರ್ಷ ಹೇಳುವುದನ್ನು ಕೇಳಿಕೊಂಡು ಕೂತಿದ್ದರೆ ಹಗ್ಗ ಬೇರೆಯವರ ಕೈಯಲ್ಲಿದೆ.

ಕಾರ್ಡೇ ಉಲ್ಟಾ ತಿರುಗಿ ಬಂದಿತ್ತಾ, ನೀವು ಹೇಳಿಲ್ಲ. ಉಲ್ಟಾ ಆದರೆ ಅವನು ಒಂಟಿ ಕಾಲಲ್ಲಿ ಕುಣಿಯುವವನ ಹಾಗೆ ಕಾಣುತ್ತಾನೆ. 1781ರಲ್ಲಿ ಕೂರ್ ದ ಜೆಬೆಲಾನ್ ಎಂಬ ಫ್ರೆಂಚ್ ವಿದ್ವಾಂಸ, ಇವನು ನಿಂತವನೇ, ಕಾರ್ಡ್ ಮಾಡಿದವರು ತಿರುಗಿಸಿಬಿಟ್ಟಿದ್ದಾರೆ ಅಂತ ವಾದ ಮಾಡಿದ್ದ! ತಮಾಷೆಯ ವಾದ, ಬಿಡಿ. ನಾನು ಉಲ್ಟಾ ಕಾರ್ಡನ್ನು ‘ಕಾದದ್ದು ಸಾಕು’ ಅಂತ ಓದುತ್ತೇನೆ.

ಇವನದು 12ನೇ ನಂಬರ್, ಮುಂದಿನ 13 ಡೆತ್, ಅಂದರೆ ಸಾವು. ನಿಮ್ಮನ್ನು ಹೆದರಿಸಿದವರ ತಲೆಯಲ್ಲಿ ಅದೇ ಇದ್ದಿರಬಹುದು. ಆ ಕಾರ್ಡನ್ನೂ ಬಹಳ ಜನ ಒಂದು ಘಟ್ಟ ಮುಗಿಯಿತು ಅಂತಲೇ ಓದುತ್ತಾರೆ.

ಒಂದೇ ಕಾರ್ಡ್ ಇಟ್ಟುಕೊಂಡು ಜಾಸ್ತಿ ಹೇಳೋಕಾಗಲ್ಲ. ಪಕ್ಕದಲ್ಲಿ ಎಂಟರ ಕಪ್ಸ್ (ಎಂಟು ಬಟ್ಟಲಿನ ಕಾರ್ಡ್) ಬಂದಿದ್ದರೆ, ಬೆನ್ನು ತಿರುಗಿಸಿ ಹೊರಟವನ ಚಿತ್ರ ಅದು, ನಿಮ್ಮ ಮನಸ್ಸು ಆಗಲೇ ಆಫೀಸು ಬಿಟ್ಟಿದೆ ಅನ್ನುತ್ತೇನೆ. ನಾಲ್ಕರ ಸ್ವೋರ್ಡ್ಸ್ (ನಾಲ್ಕು ಕತ್ತಿಯ ಕಾರ್ಡ್) ಆಗಿದ್ದರೆ, ಮಲಗಿರುವವನ ಚಿತ್ರ ಅದು, ಮೊದಲು ನಾಲ್ಕು ದಿನ ರಜಾ ಹಾಕಿ ಮಲಗಿ, ರಾಜೀನಾಮೆ ಆಮೇಲೆ. ಜೊತೆಗೆ ಯಾವ್ಯಾವ ಕಾರ್ಡ್ ಬಂದಿತ್ತು, ತಿಳಿಸಿ.