ಮೀರ್‌ಕ್ಯಾಟ್‌ಗೆ ಯೋಧನ ವೇಷ ಬೇಡ

ಮಾನ್ಯರೇ,

‘ಮರುಭೂಮಿಯ ವೀರ ಕಾವಲುಗಾರರು’ ಲೇಖನ ಕೈಸೇರಿತು. ಈ ರೂಪದಲ್ಲಿ ಪ್ರಕಟಿಸಲಾರೆ. ಬದಿಗೆ ಸರಿಸಲೂ ಮನಸ್ಸಿಲ್ಲ, ಹಾಗಾಗಿ ಈ ಪತ್ರ.

ಆಫ್ರಿಕಾದ ದಕ್ಷಿಣದಲ್ಲಿರುವ ಕಲಹಾರಿ ಮರುಭೂಮಿಯ ಮೀರ್‌ಕ್ಯಾಟ್ ಎಂಬ ಮುಂಗುಸಿ ಜಾತಿಯ ಪ್ರಾಣಿಯ ಬಗ್ಗೆ ಬರೆಯಲು ಹೊರಟವರು ಎರಡನೆಯ ಪುಟಕ್ಕೇ ಮನುಷ್ಯರಿಗೆ ಬುದ್ಧಿ ಹೇಳತೊಡಗಿದ್ದೀರಿ. ಹಿಂಗಾಲ ಮೇಲೆ ನಿಂತು ಹದ್ದು, ನರಿಗಳ ಸುಳಿವು ನೋಡುವ ಪುಟ್ಟ ಪ್ರಾಣಿ ನಿಮ್ಮ ಕೈಯಲ್ಲಿ ಪ್ರಾಣ ಒತ್ತೆಯಿಟ್ಟ ಯೋಧನಾಗಿದೆ. ಪ್ರಾಣಿವಿಜ್ಞಾನಿ ಟಿಮ್ ಕ್ಲಟನ್-ಬ್ರಾಕ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಓದಿ. ಕಾವಲಿಗೆ ಏರುವುದು ಹೊಟ್ಟೆ ತುಂಬಿದ ಪ್ರಾಣಿ. ಅಪಾಯವನ್ನು ಮೊದಲು ಕಾಣುವುದೂ ಅದೇ, ಬಹಳ ಸಲ ಬಿಲಕ್ಕೆ ಮೊದಲು ನುಗ್ಗುವುದೂ ಅದೇ! ನನಗಂತೂ ನೀವು ಹಾಡಿ ಹೊಗಳಿದ ತ್ಯಾಗಕ್ಕಿಂತ ಈ ಜಾಣತನವೇ ರುಚಿಸಿತು.

‘ಆದರ್ಶ ಅವಿಭಕ್ತ ಕುಟುಂಬ’ ಎಂಬ ಉಪಶೀರ್ಷಿಕೆಯನ್ನು ತೆಗೆಯಿರಿ. ಗುಂಪಿನ ಬಹುಪಾಲು ಮರಿಗಳನ್ನು ಹೆರುವವಳು ಒಬ್ಬಳೇ ಯಜಮಾನಿ. ಬೇರೆ ಹೆಣ್ಣು ಬಸಿರಾದರೆ ಹೊರಗಟ್ಟುತ್ತಾಳೆ, ಹೆತ್ತರೆ ಮರಿಗಳನ್ನು ಕೊಲ್ಲುವುದೂ ಉಂಟು. ಅಟ್ಟಿಸಿಕೊಂಡವಳು ಮರಳಿ ಬಂದು ಅದೇ ಯಜಮಾನಿಯ ಮರಿಗಳಿಗೆ ಹಾಲೂಡಿಸುವುದೂ ಇದೆ. ಉಳಿದವರು ಸರದಿಯಲ್ಲಿ ದಿನವಿಡೀ ಉಪವಾಸವಿದ್ದು ಮರಿ ಕಾಯುತ್ತಾರೆ. ನೀವು ಉಪವಾಸವನ್ನು ಮಾತ್ರ ಬರೆದು ಕೊಲೆಯನ್ನು ಬಿಟ್ಟಿದ್ದೀರಿ.

ಲೇಖನಕ್ಕೆ ಜೀವವಿರುವುದು ಚೇಳಿನ ಭಾಗದಲ್ಲಿ, ಅದಕ್ಕೆ ಕೊಟ್ಟಿರುವುದು ನಾಲ್ಕೇ ಸಾಲು. ದೊಡ್ಡವು ಮರಿಗೆ ಮೊದಮೊದಲು ಸತ್ತ ಚೇಳನ್ನು ತಂದುಕೊಡುತ್ತವೆ, ಬಳಿಕ ಕೊಂಡಿ ಕಿತ್ತದ್ದನ್ನು, ಕೊನೆಗೆ ಜೀವಂತ ಚೇಳನ್ನು. ಮರಿ ಎಷ್ಟು ಬೆಳೆದಿದೆ ಎಂಬುದನ್ನು ಅದು ಊಟಕ್ಕೆ ಕೂಗುವ ದನಿಯಿಂದಲೇ ಅಂದಾಜಿಸುತ್ತವೆ. ಮರಿ ಹಿಂಜರಿದರೆ ಚೇಳನ್ನು ಮೂತಿಯಿಂದ ಮತ್ತೆ ಅದರತ್ತ ತಳ್ಳುತ್ತವೆ. ಪ್ರಾಣಿಲೋಕದಲ್ಲಿ ಕಲಿಸುವಿಕೆ ಇದೆ ಎನ್ನಲು 2006ರಲ್ಲಿ ಸಿಕ್ಕ ಗಟ್ಟಿ ಪುರಾವೆಯಿದು. ನೀವೋ ಯಾದಗಿರಿ ಜಿಲ್ಲೆಯವರು. ನಾಗರಪಂಚಮಿಯಂದು ಕಂದಕೂರ ಬೆಟ್ಟದಲ್ಲಿ ಕಲ್ಲೆತ್ತಿ ಚೇಳು ಹಿಡಿದು ಮೈಮೇಲೆ ಬಿಟ್ಟುಕೊಳ್ಳುವ ಜನರನ್ನು ಕಂಡವರು. ಇದನ್ನೆಲ್ಲ ಬಲ್ಲ ನಮ್ಮ ಓದುಗರಿಗೆ ಚೇಳಿನ ಪಾಠವನ್ನು ನಾಲ್ಕು ಸಾಲಿನಲ್ಲಿ ಮುಗಿಸುವುದೇ? ಲೇಖನವನ್ನು ಅಲ್ಲಿಂದಲೇ ಆರಂಭಿಸಿ.

ಇನ್ನೊಂದು. ಕಲಹಾರಿ ಸದಾ ನಮ್ಮ ಮೇ ತಿಂಗಳಂತಿರುವುದಿಲ್ಲ. ಚಳಿಗಾಲದ ರಾತ್ರಿ ಅಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಬೆಳಿಗ್ಗೆ ಬಿಲದ ಬಾಯಲ್ಲಿ ನಿಂತು ಹೊಟ್ಟೆಗೆ ಬಿಸಿಲು ಕಾಯಿಸುವುದು ಮೈ ಬೆಚ್ಚಗಾಗಲೆಂದು. ನಿಮ್ಮ ‘ಸೂರ್ಯನಮಸ್ಕಾರ’ವನ್ನು ಹೊಡೆದುಹಾಕಿದ್ದೇನೆ.

ತಿದ್ದಿ ಕಳುಹಿಸಿ, ಖಂಡಿತ ಓದುತ್ತೇನೆ. ಅಂತರ್ಜಾಲದಿಂದ ಎತ್ತಿಕೊಂಡ ಫೋಟೊಗಳನ್ನು ಬಳಸಲಾಗದು. ಕಂದಕೂರಿನಲ್ಲಿ ನೀವೇ ತೆಗೆದದ್ದಿದ್ದರೆ ಒಂದನ್ನು ಲಗತ್ತಿಸಿ.

— ಸಂಪಾದಕ, ಕಲಬುರಗಿ