ಓದುಗರ ಪ್ರಶ್ನೆ, ನಮ್ಮ ಉತ್ತರ: ಅಳಿವೆಯ ಬಳಚಿನ ಲೆಕ್ಕ

ಪ್ರಶ್ನೆ: ನಮ್ಮೂರು ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿದೆ. ಇಳಿತದ ಹೊತ್ತಿನಲ್ಲಿ ಬಳಚು (ಕೆಸರಿನಲ್ಲಿ ಸಿಗುವ, ತಿನ್ನುವ ಚಿಪ್ಪುಜೀವಿ) ಹೆಕ್ಕಿ ಮಾರುವುದು ನಮ್ಮ ಹೆಂಗಸರ ಹಳೆಯ ಕಸುಬು. ಈಗ ಮೊದಲಿನಷ್ಟು ಸಿಗುತ್ತಿಲ್ಲ. ಒಂದೆರಡು ವರ್ಷ ಹೆಕ್ಕುವುದನ್ನೇ ನಿಲ್ಲಿಸೋಣ ಎಂದು ಊರಿನಲ್ಲಿ ಮಾತು ನಡೆದಿದೆ. ಇದು ಸರಿಯೇ? – ಓದುಗರೊಬ್ಬರು, ಕುಮಟಾ ತಾಲ್ಲೂಕು

ಉತ್ತರ: ನಿಲ್ಲಿಸುವ ಮೊದಲು ದಯವಿಟ್ಟು ಎಣಿಸಿ. ಬಳಚು ಕಡಿಮೆಯಾಗಲು ಅತಿಯಾಗಿ ಹೆಕ್ಕಿದ್ದೇ ಕಾರಣವಾಗಿದ್ದರೆ ನಿಷೇಧ ಫಲ ಕೊಡುತ್ತದೆ. ಕಾರಣ ನೀರಿನಲ್ಲೋ ಕೆಸರಿನಲ್ಲೋ ಇದ್ದರೆ, ಹೆಕ್ಕುವ ಹೆಂಗಸರ ಕೂಲಿ ಹೋಗುತ್ತದೆಯೇ ಹೊರತು ಬಳಚು ಮರಳುವುದಿಲ್ಲ. ಇದಕ್ಕೆ ಉದಾಹರಣೆ ನಿಮ್ಮ ನೆರೆಯಲ್ಲೇ ಇದೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ವಿದ್ಯುತ್ ಉತ್ಪಾದಿಸಿ ಹೊರಬಿಡುವ ಸಿಹಿನೀರು ಬೇಸಿಗೆಯಲ್ಲೂ ಹೊನ್ನಾವರದ ಅಳಿವೆಗೆ ಹರಿದುಬರತೊಡಗಿತು. ಅಲ್ಲಿನ ನೀರಿನ ಉಪ್ಪಿನಂಶ ಇಳಿದು, ಚಿಪ್ಪುಜೀವಿಗಳಿಗೆ ಆ ಅಳಿವೆ ಒಗ್ಗದಂತಾಯಿತು. ಅಲ್ಲಿ ಹೆಕ್ಕುವುದನ್ನು ಎಷ್ಟು ವರ್ಷ ನಿಲ್ಲಿಸಿದರೂ ಉಪ್ಪು ತಾನಾಗಿ ಏರುತ್ತಿರಲಿಲ್ಲ. ಅಘನಾಶಿನಿ ಅಣೆಕಟ್ಟು ಕಾಣದ ನದಿಯಾದ್ದರಿಂದ ಆ ತೊಂದರೆ ನಿಮಗಿಲ್ಲ. ಆದರೆ ಮರಳು ತೆಗೆಯುವುದು, ಗಜನಿ (ಅಳಿವೆಯಂಚಿನ ಉಪ್ಪುನೀರಿನ ತಗ್ಗು ಗದ್ದೆ) ಕಟ್ಟೆಗಳು ಒಡೆಯುವುದು, ಹೂಳು ಸರಿದು ಕೂರುವುದು ಎಲ್ಲವೂ ಬಳಚಿನ ನೆಲೆಯನ್ನು ಬದಲಿಸಬಲ್ಲವು.

ಎಣಿಕೆ ಕಷ್ಟದ ಕೆಲಸವಲ್ಲ. ಅರ್ಧ ಮೀಟರ್ ಉದ್ದಗಲದ ಒಂದು ಚೌಕಟ್ಟನ್ನು ಪೈಪಿನಿಂದ ಮಾಡಿಕೊಳ್ಳಿ. ಹೆಚ್ಚು ಹೆಕ್ಕುವ ಜಾಗದಲ್ಲಿ ಕೆಲವು, ಕಡಿಮೆ ಹೆಕ್ಕುವ ಜಾಗದಲ್ಲಿ ಕೆಲವು ಎಂದು ಗುರುತು ನೆಟ್ಟು, ಪ್ರತಿ ಅಮಾವಾಸ್ಯೆಯ ದೊಡ್ಡ ಇಳಿತದಂದು ಆ ಗುರುತುಗಳಲ್ಲೇ ಚೌಕಟ್ಟು ಇಟ್ಟು, ಒಳಗಿನ ಕೆಸರನ್ನು ಜರಡಿ ಹಿಡಿದು, ಸಿಕ್ಕ ಬಳಚನ್ನು ಎಣಿಸಿ, ಅಳೆದು, ಬರೆದುಕೊಂಡು, ಅಲ್ಲಿಯೇ ಮರಳಿ ಬಿಡಿ. ಜಾಗ, ವಿಧಾನ, ಚೌಕಟ್ಟು ಯಾವುದನ್ನೂ ನಡುವೆ ಬದಲಿಸಬೇಡಿ. ಒಳ್ಳೆಯ ಜಾಗಕ್ಕೆ ಕೈ ತಾನಾಗಿ ಹೋಗುವುದು ಸಹಜ, ಆದರೆ ಲೆಕ್ಕ ಕೆಡುವುದೂ ಅಲ್ಲಿಯೇ. ಜೊತೆಗೆ ಒಂದು ಹನಿ ನೀರಿನಿಂದ ಉಪ್ಪಿನಂಶ ತೋರಿಸುವ ಕೈಯಲ್ಲಿ ಹಿಡಿಯುವ ಮಾಪಕವನ್ನು ಊರಿಗೊಂದು ಕೊಂಡುಕೊಳ್ಳಿ.

ಮರಿಗಳ ಸಂಖ್ಯೆಯನ್ನು ಬೇರೆಯೇ ಬರೆಯಿರಿ. ಈ ಲೆಕ್ಕದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಅದೇ. ಮರಿಗಳು ಧಾರಾಳವಾಗಿದ್ದು ದೊಡ್ಡವು ಇಲ್ಲದಿದ್ದರೆ, ಬೆಳೆಯಲು ಬಿಡದೆ ಹೆಕ್ಕುತ್ತಿದ್ದೇವೆ ಎಂಬ ಅನುಮಾನಕ್ಕೆ ಬಲ ಬರುತ್ತದೆ. ದೊಡ್ಡವು ಸಾಕಷ್ಟಿದ್ದೂ ಮರಿಗಳೇ ಕಾಣದಿದ್ದರೆ ನೀರನ್ನೂ ಕೆಸರನ್ನೂ ಪರೀಕ್ಷಿಸಬೇಕಾಗುತ್ತದೆ. ಎಲ್ಲಿ ಮರಿ ಕೂರುತ್ತದೆ, ಯಾವ ತಿಂಗಳು ಮಾಂಸ ಹಾಲಿನಂತೆ ಬೆಳ್ಳಗಾಗಿ ತುಂಬಿಕೊಳ್ಳುತ್ತದೆ ಎಂಬುದು ಕಾಲಿನಿಂದಲೇ ಕೆಸರು ತಡಕಿ ಹೆಕ್ಕುವ ಹೆಂಗಸರಿಗೆ ಗೊತ್ತಿರುತ್ತದೆ. ಅವರನ್ನು ಬಿಟ್ಟು ಯುವಕ ಸಂಘದವರಷ್ಟೇ ಪುಸ್ತಕ ಹಿಡಿದು ಹೊರಟರೆ ಆ ಲೆಕ್ಕ ಅರ್ಧದ್ದಾಗುತ್ತದೆ.

ಅಂಕಿಗಳ ಬಲಕ್ಕೆ ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಸರೋವರ ಸಾಕ್ಷಿ. ಅಲ್ಲಿ ‘ಮಂಞ ಕಕ್ಕ’ ಎನ್ನುವ ಚಿಪ್ಪಿಗೆ ವಿದೇಶದ ಬೇಡಿಕೆ ಬಂದಾಗ ವರ್ಷಕ್ಕೆ ಹಿಡಿಯುವ ಪ್ರಮಾಣ 1991ರಲ್ಲಿ ಸುಮಾರು 10,000 ಟನ್ನಿಗೆ ಏರಿ, 1993ರ ಹೊತ್ತಿಗೆ ಅರ್ಧಕ್ಕೆ ಕುಸಿಯಿತು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಅಧ್ಯಯನದ ಆಧಾರದ ಮೇಲೆ, ಮೊಟ್ಟೆಯಿಡುವ ಕಾಲವಾದ ಡಿಸೆಂಬರಿನಿಂದ ಫೆಬ್ರವರಿವರೆಗೆ ಹಿಡಿಯುವುದನ್ನು ನಿಲ್ಲಿಸಿದರು, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಕಿರಿದಾಗಿರಬಾರದೆಂದರು, ಕಿಲೋಗೆ 1,400ಕ್ಕಿಂತ ಹೆಚ್ಚು ತುಂಬುವಷ್ಟು ಸಣ್ಣ ಮಾಂಸವನ್ನು ರಫ್ತು ಮಾಡಕೂಡದೆಂದರು. ಸಿಗುವ ಪ್ರಮಾಣ ಚೇತರಿಸಿಕೊಂಡಿತು, 2014ರಲ್ಲಿ ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಭಾರತದಲ್ಲಿ ಮೊದಲು ದೊರೆತದ್ದು ಈ ಚಿಪ್ಪಿನ ಮೀನುಗಾರಿಕೆಗೆ. ಆದರೆ ಅವರ ತಿಂಗಳುಗಳನ್ನು ಹಾಗೆಯೇ ಎತ್ತಿಕೊಂಡು ನಿಮ್ಮ ಅಳಿವೆಗೆ ಹಾಕಬೇಡಿ. ನಿಮ್ಮ ಬಳಚು ಯಾವಾಗ ಬೆಳ್ಳಗೆ ತುಂಬಿ ಮೊಟ್ಟೆಯಿಡಲು ಸಿದ್ಧವಾಗುತ್ತದೆ ಎಂಬುದನ್ನು ನಿಮ್ಮ ಪುಸ್ತಕವೇ ಹೇಳಬೇಕು.

ಪ್ರಶ್ನೆ: ಊರಿನವರು ಒಪ್ಪಿದರೂ ಹೊರಗಿನಿಂದ ಬಂದವರು ತೆಗೆದುಕೊಂಡು ಹೋದರೆ ನಾವು ಬಿಟ್ಟದ್ದು ಯಾರಿಗಾಗಿ? – ಹೊನ್ನಾವರದ ಓದುಗರು

ಉತ್ತರ: ಈ ಸಂಶಯ ನ್ಯಾಯವಾದದ್ದು. ಇಡೀ ಅಳಿವೆಯನ್ನು ಮುಚ್ಚದೆ, ಊರಿನ ಕಣ್ಣಳತೆಯೊಳಗಿನ ಚಿಕ್ಕ ಜಾಗವೊಂದನ್ನು ಮೊದಲು ಬಿಟ್ಟು ನೋಡುವುದು ಇದಕ್ಕೆ ನಾನು ಬಲ್ಲ ಉತ್ತಮ ದಾರಿ. ಫಿಜಿ ದ್ವೀಪದ ವೆರಾಟಾ ಪ್ರದೇಶದಲ್ಲಿರುವ ಉಕುನಿವನುವಾ ಎಂಬ ಹಳ್ಳಿಯವರು 1997ರಲ್ಲಿ ಹೀಗೆಯೇ ಮಾಡಿದರು. ಹೆಂಗಸರು ಹೆಕ್ಕುತ್ತಿದ್ದ ‘ಕೈಕೊಸೊ’ ಚಿಪ್ಪು ಕ್ಷೀಣಿಸಿದಾಗ, ಊರಿನ ಎದುರಿಗಿದ್ದ 24 ಹೆಕ್ಟೇರ್ ಕೆಸರುದಿಬ್ಬವನ್ನು ತಮ್ಮ ಹಿರಿಯರ ‘ತಬು’ ಪದ್ಧತಿಯಂತೆ ಮೂರು ವರ್ಷ ಮುಟ್ಟದೆ ಬಿಟ್ಟರು. ವಿಶ್ವವಿದ್ಯಾಲಯದವರಿಂದ ಎಣಿಕೆಯ ಕ್ರಮ ಕಲಿತು ತಾವೇ ಎಣಿಸಿದರು. ಬಿಟ್ಟ ಜಾಗದಲ್ಲಷ್ಟೇ ಅಲ್ಲ, ಅದರ ಪಕ್ಕದ ಹೆಕ್ಕುವ ಜಾಗದಲ್ಲೂ ಚಿಪ್ಪು ಹೆಚ್ಚಿತು, ಏಕೆಂದರೆ ಚಿಪ್ಪಿನ ಮರಿಗಳು ಮೊದಲ ದಿನಗಳಲ್ಲಿ ನೀರಿನಲ್ಲಿ ತೇಲುತ್ತಾ ಹೋಗಿ ಬೇರೆಡೆ ನೆಲೆಯೂರುತ್ತವೆ. ಹೆಕ್ಕುತ್ತಿದ್ದವರು ತಾವೇ ಕಂಡ ಆ ಹೆಚ್ಚಳ ನಿಷೇಧಕ್ಕೆ ಕಾವಲಾಯಿತು. ನಿಮ್ಮಲ್ಲಿ ಎದುರು ದಂಡೆಯ ಊರಿನವರನ್ನೂ ಬಳಚು ಕೊಳ್ಳುವ ವ್ಯಾಪಾರಿಯನ್ನೂ ಮೊದಲ ಸಭೆಗೇ ಕರೆಯಿರಿ. ಸಣ್ಣ ಬಳಚನ್ನು ಕೊಳ್ಳುವುದಿಲ್ಲ ಎಂದು ವ್ಯಾಪಾರಿ ಒಪ್ಪಿದರೆ ಅರ್ಧ ಕಾವಲು ಮುಗಿದಂತೆಯೇ.

ಪ್ರಶ್ನೆ: ಅಘನಾಶಿನಿ ಅಳಿವೆ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿದ್ದರಿಂದ ನಮ್ಮ ಮೀನುಗಾರಿಕೆ ನಿಲ್ಲುವುದೇ? – ಅಂಕೋಲಾದ ಓದುಗರು

ಉತ್ತರ: ಇಲ್ಲ. 2024ರ ಜನವರಿಯಲ್ಲಿ 4,801 ಹೆಕ್ಟೇರ್ ಅಳಿವೆ ಆ ಪಟ್ಟಿಗೆ ಸೇರಿತು. ರಾಮ್ಸರ್ ಒಪ್ಪಂದ ಜೌಗುನೆಲದ ವಿವೇಕದ ಬಳಕೆಯನ್ನು ಒಪ್ಪುತ್ತದೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಹೆಕ್ಕುವ ಕಸುಬು ನಿಷಿದ್ಧವಾಗುವುದಿಲ್ಲ. ಆದರೆ ಮುಂದೆ ನಿರ್ವಹಣೆಯ ನಿಯಮಗಳನ್ನು ಯಾರಾದರೂ ಬರೆಯುವಾಗ ನಿಮ್ಮ ಕೈಯಲ್ಲಿ ಲೆಕ್ಕವಿರಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಮತ್ತು ಅದು ಜನತಾ ಜೀವವೈವಿಧ್ಯ ದಾಖಲೆಯನ್ನು, ಅಂದರೆ ಊರಿನ ಜೀವಿಗಳ ಮತ್ತು ಅವುಗಳ ಬಗೆಗಿನ ತಿಳಿವಿನ ದಾಖಲೆಯನ್ನು, ಸಿದ್ಧಪಡಿಸಬೇಕು. ನಿಮ್ಮ ಎಣಿಕೆಯ ಪ್ರತಿಯನ್ನು ವರ್ಷಕ್ಕೊಮ್ಮೆ ಆ ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂಲ ಪುಸ್ತಕ ಮಾತ್ರ ಊರಿನಲ್ಲೇ, ಹೆಕ್ಕುವವರ ಕೈಯಲ್ಲೇ ಇರಲಿ.