ಮಧ್ಯಾಹ್ನ ಭತ್ತದ ಎಲೆ ಸುತ್ತಿಕೊಂಡರೆ ಬೆಳೆ ಹೋಯ್ತು ಅಂತಾನಾ?

ಇಲ್ಲ, ಅಷ್ಟು ಬೇಗ ಹೆದರಬೇಡಿ. ಶಹಾಪುರದ ಕಡೆ ಕಾಲುವೆ ನೀರು ಕೊನೆಯ ಸಲ ಬಂದು ಎಂಟು ದಿನ ಆಯ್ತು, ಮಧ್ಯಾಹ್ನ ಭತ್ತದ ಎಲೆ ಸುತ್ತಿಕೊಳ್ಳುತ್ತಿದೆ ಅಂತ ನನಗೆ ಬರೆದು ಕೇಳಿದ್ದೀರಿ. ಎಲೆ ಸುತ್ತಿಕೊಳ್ಳುವುದು ನೀರು ಉಳಿಸಲು ಗಿಡವೇ ಮಾಡುವ ಉಪಾಯ.

ಎಲೆಯ ಮೇಲ್ಭಾಗದಲ್ಲಿ, ನರಗಳ ಸಾಲಿನ ಮಧ್ಯೆ, ಬಲೂನಿನಂಥ ದೊಡ್ಡ ಜೀವಕೋಶಗಳಿರುತ್ತವೆ. ನೀರು ಸಾಲದಿದ್ದರೆ ಅವು ಕುಗ್ಗುತ್ತವೆ. ಆಗ ಎಲೆ ಚಾಪೆಯಂತೆ ಒಳಕ್ಕೆ ಸುತ್ತಿಕೊಳ್ಳುತ್ತದೆ. ಬಿಸಿಲು ಬೀಳುವ ಜಾಗ ಕಡಿಮೆ, ಆವಿಯಾಗುವ ನೀರೂ ಕಡಿಮೆ. ಇದರ ಜೊತೆಗೆ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಸುತ್ತದೆ. ಆದರೆ ಗಾಳಿ ಬರುವ ದಾರಿಯೂ ಅದೇ ಅಲ್ವಾ? ಹಾಗಾಗಿ ಬೆಳವಣಿಗೆ ನಿಧಾನವಾಗುತ್ತದೆ.

ಬೆಳಿಗ್ಗೆ ಆರಕ್ಕೆ ಗದ್ದೆಗೆ ಹೋಗಿ ನೋಡಿ. ಎಲೆ ಪೂರ್ತಿ ಬಿಚ್ಚಿಕೊಂಡಿದ್ದರೆ ಗಿಡ ಇನ್ನೂ ತಡೆಯುತ್ತಿದೆ. ಆಗಲೂ ಸುತ್ತಿಕೊಂಡೇ ಇದ್ದರೆ ತಡ ಮಾಡಬೇಡಿ, ನೀರು ಕೊಡಿ.

ನನಗೆ ಜಾಸ್ತಿ ಚಿಂತೆ ತೆನೆ ಹೂ ಬಿಡುವ ಹೊತ್ತಿನದು. ಆಗ ನೀರು ತಪ್ಪಿದರೆ, ಇಲ್ಲವೇ ಬಿಸಿ 35 ಡಿಗ್ರಿ ದಾಟಿದರೆ, ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತದೆ. ನಮ್ಮ ಯಾದಗಿರಿ ಬಿಸಿಲಿಗೆ 35 ಯಾವ ಲೆಕ್ಕ! ಭತ್ತದ ಹೂ ಸಾಮಾನ್ಯವಾಗಿ ಮಧ್ಯಾಹ್ನದೊಳಗೆ ಅರಳಿ ಮುಚ್ಚಿಕೊಳ್ಳುವುದರಿಂದ ಸ್ವಲ್ಪ ಬಚಾವು. ಆದರೂ ಬೇಸಿಗೆ ಬೆಳೆಯನ್ನು ತಡವಾಗಿ ನಾಟಿ ಮಾಡಬೇಡಿ.

ಹೊಳೆ ಉಕ್ಕಿ ಗದ್ದೆ ಮುಳುಗುವ ಕಷ್ಟ ಬೇರೆಯದೇ. ಅದಕ್ಕೆ ಮುಳುಗಡೆ ತಡೆಯುವ ಸ್ವರ್ಣ-ಸಬ್1 ಎಂಬ ಭತ್ತದ ತಳಿ ಇದೆ; ಅದರ ಗಿಡ ನೀರೊಳಗೆ ಉದ್ದ ಬೆಳೆಯದೆ, ಶಕ್ತಿ ಉಳಿಸಿಕೊಂಡು, ಸುಮಾರು ಎರಡು ವಾರ ಸುಮ್ನೆ ಕಾಯುತ್ತದೆ.